ಕೊಳವೆ ಬಾವಿಗೆ ಮುನ್ನ: ಕಲ್ಲಿನ ಸಾಲು, ಕಲ್ಲಿನ ವಾಟ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಕೊಳವೆ ಬಾವಿ ಕೊರೆಸಲು ಹೊರಟ ರೈತನು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾನೆ. ಅಡಿಗೆ ದರ ಎಷ್ಟು? ಎಷ್ಟು ಅಡಿ ಹೋಗಬೇಕಾದೀತು? ಕೇಸಿಂಗ್ ಪೈಪು ಎಷ್ಟು ಬೇಕು? ನೆಲದ ಕೆಳಗಿನ ಕಲ್ಲು ಯಾವುದು, ಅದು ಯಾವ ದಿಕ್ಕಿಗೆ ಹರಿದಿದೆ, ಯಾವ ಕಡೆಗೆ ವಾಲಿದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಮೊದಲ ಮೂರು ಪ್ರಶ್ನೆಗಳ ಉತ್ತರ ನಿಂತಿರುವುದೇ ಈ ನಾಲ್ಕನೆಯದರ ಮೇಲೆ. ಒಂದು ಕೊಳವೆ ಒಣಗಿ ಹೊರಟರೆ ಅದರ ಸಾಲ ಎರಡು ಮೂರು ಬೆಳೆಯನ್ನು ನುಂಗುತ್ತದೆ. ಅದೇ ಹೊಲದಲ್ಲಿ ಎರಡನೆಯದು, ಮೂರನೆಯದು ಕೊರೆಸಿ ಹೊಲವನ್ನೇ ಮಾರಿದ ಕುಟುಂಬಗಳೂ ಇವೆ. ಇಷ್ಟು ಹಣ ಸುರಿಯುವ ಮೊದಲು ಒಂದು ದಿಕ್ಸೂಚಿ, ಒಂದು ಕೋನಮಾಪಕ ಮತ್ತು ಒಂದು ನೋಟ್ ಪುಸ್ತಕ ಹಿಡಿದು ಎರಡು ದಿನ ಹೊಲ, ಹಳ್ಳ, ಹಳೆಯ ಬಾವಿಗಳನ್ನು ಸುತ್ತುವುದು ದುಬಾರಿಯ ಕೆಲಸವಲ್ಲ.

ಹಾನಗಲ್ಲ ತಾಲ್ಲೂಕಿನ ಆಡೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಶಾಸನದಿಂದ ಇತಿಹಾಸಕಾರರಿಗೆ ಪರಿಚಿತವಾದ ಈ ಊರು ಮಲೆನಾಡಿನ ಸೆರಗು ಮುಗಿದು ಬಯಲು ತೆರೆದುಕೊಳ್ಳುವ ಪ್ರದೇಶದಲ್ಲಿದೆ. ಮಳೆ ತೀರ ಕಡಿಮೆಯೆಂದು ಹೇಳುವ ಹಾಗಿಲ್ಲ. ಆದರೂ ಒಂದು ಹೊಲದ ಬಾವಿಯಲ್ಲಿ ನೀರಿದ್ದು ಬದುವಿನಾಚೆಯ ಹೊಲದಲ್ಲಿ ಧೂಳು ಬರುವುದುಂಟು. ಇದನ್ನು ಅದೃಷ್ಟವೆಂದು ಬಿಟ್ಟುಬಿಡುವ ಮುನ್ನ ಕಲ್ಲನ್ನು ನೋಡಬೇಕು.

ಈ ಸೀಮೆಯ ಕಲ್ಲುಗಳು

ಈ ಪ್ರದೇಶದ ಬಹುಭಾಗದ ತಳದಲ್ಲಿರುವುದು ಧಾರವಾಡ ಶಿಲಾವರ್ಗ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ 1880ರ ದಶಕದಲ್ಲಿ ಈ ಹೆಸರನ್ನು ಕೊಟ್ಟರು. ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳನ್ನು ಸೇರಿದ್ದು ಹೀಗೆ. ಫುಟ್ ಅವರಿಗೆ ಈ ಶಿಲೆಗಳ ಚಿನ್ನದಲ್ಲಿಯೂ ಆಸಕ್ತಿಯಿತ್ತು. ಕೋಲಾರ, ಹಟ್ಟಿ, ಗದಗ ಇವೆಲ್ಲವೂ ಇದೇ ಬಗೆಯ ಶಿಲಾಪಟ್ಟಿಗಳಿಗೆ ಸೇರಿದವು. ಚಿನ್ನ ಹುಡುಕಲು ಅವರು ಬಳಸಿದ ಕ್ರಮ, ಎಂದರೆ ಕಲ್ಲಿನ ಸಾಲನ್ನು ದಿಕ್ಸೂಚಿಯಿಂದ ಹಿಡಿದು ಹಿಂಬಾಲಿಸುವುದು, ನೀರು ಹುಡುಕುವ ರೈತನಿಗೂ ಅಷ್ಟೇ ಉಪಯುಕ್ತ.

ಈ ಕಲ್ಲುಗಳು ಸುಮಾರು 260ರಿಂದ 290 ಕೋಟಿ ವರ್ಷ ಹಳೆಯವು. ಹಿಂದೆ ಕೆಸರು, ಮರಳು, ಜ್ವಾಲಾಮುಖಿಯ ಲಾವಾರಸಗಳಾಗಿ ಅಡ್ಡಡ್ಡ ಪದರಗಳಲ್ಲಿ ಕೂತಿದ್ದವು ಆಮೇಲೆ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಮಡಿಚಿ, ನೆಟ್ಟಗೆ ಎದ್ದು ನಿಂತಿವೆ. ರೊಟ್ಟಿಗಳ ಅಡಕಲನ್ನು ಎರಡೂ ಬದಿಯಿಂದ ಒತ್ತಿ ಮಗ್ಗುಲಾಗಿ ನಿಲ್ಲಿಸಿದರೆ ಹೇಗಿರುತ್ತದೆಯೋ ಹಾಗೆ.

ರೈತನು ಗುರುತಿಸಬೇಕಾದ ಕಲ್ಲುಗಳು ಬಹಳ ಇಲ್ಲ. ಹಸಿರು ಛಾಯೆಯ, ಉಗುರಿನಿಂದ ಕೆರೆದರೆ ಪುಡಿಯಾಗುವ, ಹಾಳೆಹಾಳೆಯಾಗಿ ಏಳುವ ಪದರುಗಲ್ಲಿಗೆ ಶಿಸ್ಟ್ ಎನ್ನುತ್ತಾರೆ. ಇದರದೇ ಮೆತ್ತನೆಯ ಜಾತಿ ಬಳಪದ ಕಲ್ಲು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ನುಣುಪಾದ ಕೆತ್ತನೆ ಸಾಧ್ಯವಾದದ್ದು ಈ ಬಗೆಯ ಕಲ್ಲಿನಿಂದಲೇ. ಬೂದು ಬಣ್ಣದ, ಕೈಗೆ ಒರಟಾದ, ಮರಳಿನ ಕಣ ಕಾಣುವ ಗಟ್ಟಿ ಕಲ್ಲು ಗ್ರೇವ್ಯಾಕ್. ಕೆಂಪು ಕಪ್ಪು ಪಟ್ಟೆಗಳುಳ್ಳ ಭಾರದ ಕಲ್ಲು ಕಬ್ಬಿಣದ ಕಲ್ಲು; ಇದು ಗುಡ್ಡದ ನೆತ್ತಿಯಲ್ಲಿ ಹೆಚ್ಚು. ಪದರುಗಲ್ಲಿನ ನಡುವೆ ಬಿಳಿಯ ಗೆರೆಯಂತೆ ಹಾದುಹೋಗುವುದು ಬೆಣಚುಕಲ್ಲು. ಇನ್ನು ನೈಸ್ ಮತ್ತು ಗ್ರಾನೈಟು, ಅಂದರೆ ಮನೆಯ ಪಾಯಕ್ಕೆ ಬಳಸುವ ಬಿಳಿಗಪ್ಪು ಚುಕ್ಕೆಯ ಹಾಸುಗಲ್ಲು, ಜಿಲ್ಲೆಯಲ್ಲಿ ಅಲ್ಲಲ್ಲಿ ಸಿಗುತ್ತದೆ. ಕರಿಯ ಗುಂಡುಕಲ್ಲುಗಳು ಒಂದೇ ಗೆರೆಯಲ್ಲಿ ಹೊಲದಿಂದ ಹೊಲಕ್ಕೆ ಸಾಗಿದ್ದರೆ ಅದು ಡೈಕ್. ಭೂಮಿಯ ಬಿರುಕಿನೊಳಗೆ ಶಿಲಾರಸ ನುಗ್ಗಿ ಗೋಡೆಯಂತೆ ಗಟ್ಟಿಯಾದದ್ದು.

ಈ ಯಾವ ಕಲ್ಲೂ ಸ್ಪಂಜಿನಂತೆ ನೀರು ಹೀರುವುದಿಲ್ಲ. ನೀರು ಇರುವುದು ಎರಡೇ ಕಡೆ: ಮೇಲ್ಭಾಗದ ಕೊಳೆತ ಕಲ್ಲಿನಲ್ಲಿ, ಎಂದರೆ ಗರಸಿನಲ್ಲಿ, ಅದರ ಕೆಳಗೆ ಗಟ್ಟಿ ಕಲ್ಲಿನ ಬಿರುಕು ಸಂದುಗಳಲ್ಲಿ. ನೆಲದೊಳಗೆ ನದಿ ಹರಿಯುತ್ತದೆಂಬ ನಂಬಿಕೆಗೆ ನಮ್ಮ ಗಟ್ಟಿ ಕಲ್ಲಿನ ಸೀಮೆಯಲ್ಲಿ ಆಧಾರವಿಲ್ಲ. ಮೆತ್ತನೆಯ ಶಿಸ್ಟ್ ಕೊಳೆತರೆ ಜೇಡಿಯಾಗುತ್ತದೆ. ಜೇಡಿಯಲ್ಲಿ ನೀರು ಇದ್ದರೂ ಬಾವಿಗೆ ಬಿಟ್ಟುಕೊಡುವುದಿಲ್ಲ. ಬೆಣಚುಕಲ್ಲು ಹಾಗಲ್ಲ. ಅದು ಬಿರುಸು, ಭೂಮಿ ಅಲುಗಿದಾಗ ಬಾಗದೆ ಒಡೆಯುತ್ತದೆ, ಒಡೆದ ಸಂದಿನಲ್ಲಿ ನೀರು ಓಡಾಡುತ್ತದೆ. ಆದ್ದರಿಂದ ಪದರುಗಲ್ಲಿನ ಸೀಮೆಯಲ್ಲಿ ಹಳೆಯ ಬಾವಿಗಳ ಸೆಲೆ ಬಿಳಿಗಲ್ಲಿನ ಗೆರೆಯ ಪಕ್ಕದಲ್ಲಿ ಕಾಣಸಿಗುವುದು ಆಶ್ಚರ್ಯವಲ್ಲ. ಡೈಕ್ ಒಡೆಯದೆ ಗಟ್ಟಿಯಾಗಿದ್ದರೆ ನೆಲದೊಳಗಿನ ಒಡ್ಡಿನಂತೆ ವರ್ತಿಸುತ್ತದೆ. ಅದರ ಮೇಲಿನ ಮಗ್ಗುಲಲ್ಲಿ ನೀರು ನಿಂತು ಕೆಳಗಿನ ಮಗ್ಗುಲು ಒಣಗಿರಬಹುದು.

ಸಾಲು ಮತ್ತು ವಾಟ

ಭೂವಿಜ್ಞಾನಿಗಳು ಹೇಳುವ ಸ್ಟ್ರೈಕ್ ಮತ್ತು ಡಿಪ್ ಎಂಬ ಎರಡು ಮಾತುಗಳು ಈ ಪಾಠದ ತಿರುಳು. ಇಲ್ಲಿ ಅವುಗಳನ್ನು ಕಲ್ಲಿನ ಸಾಲು, ಕಲ್ಲಿನ ವಾಟ ಎಂದು ಕರೆಯಲಾಗಿದೆ.

ಕೆರೆಯ ದಂಡೆಯಲ್ಲಿ ಓರೆಯಾಗಿ ನೀರಿಗೆ ಇಳಿದಿರುವ ಒಂದು ಹಾಸುಬಂಡೆಯನ್ನು ನೆನೆಸಿಕೊಳ್ಳಿ. ನಿಂತ ನೀರು ಆ ಬಂಡೆಯನ್ನು ತಾಕುವಲ್ಲಿ ಒಂದು ಗೆರೆ ಮೂಡುತ್ತದೆ. ಆ ಗೆರೆ ಯಾವ ದಿಕ್ಕಿಗೆ ಸಾಗಿದೆಯೋ ಅದೇ ಬಂಡೆಯ ಸಾಲು. ಅದೇ ಬಂಡೆಯ ಒಣ ಭಾಗದ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ನೆಟ್ಟಗೆ ಇಳಿದು ಹೋಗುವ ದಿಕ್ಕು ವಾಟದ ದಿಕ್ಕು. ಅದು ಸಾಲಿಗೆ ಯಾವಾಗಲೂ ಲಂಬವಾಗಿರುತ್ತದೆ. ಬಂಡೆಯು ಸಮತಲದಿಂದ ಎಷ್ಟು ಡಿಗ್ರಿ ಕೆಳಗೆ ಬಾಗಿದೆಯೆಂಬುದು ವಾಟದ ಪ್ರಮಾಣ. ಹಂಚಿನ ಮನೆಯ ಮಾಡಿನಲ್ಲಿಯೂ ಇದನ್ನೇ ಕಾಣಬಹುದು: ನೆತ್ತಿಯ ತೊಲೆ ಸಾಗಿದ ದಿಕ್ಕು ಸಾಲು, ಮಳೆನೀರು ಹಂಚಿನ ಮೇಲೆ ಇಳಿಯುವ ದಿಕ್ಕು ವಾಟ.

ಧಾರವಾಡ ಶಿಲೆಗಳ ಸಾಲು ಒಟ್ಟಿನಲ್ಲಿ ಉತ್ತರ–ವಾಯವ್ಯದಿಂದ ದಕ್ಷಿಣ–ಆಗ್ನೇಯಕ್ಕೆ ಸಾಗುತ್ತದೆ. ವಾಟ ಕಡಿದಾಗಿದ್ದು ಹೆಚ್ಚಾಗಿ ಪೂರ್ವದ ಕಡೆಗಿರುತ್ತದೆ. ಗುಡ್ಡದ ಸಾಲುಗಳೂ ಬಹುಮಟ್ಟಿಗೆ ಈ ದಿಕ್ಕನ್ನೇ ಹಿಡಿದಿವೆ. ಹಿರೇಕೆರೂರು ಸೀಮೆಯ ಮದಗ–ಮಾಸೂರು ಕೆರೆಯನ್ನು ಕಟ್ಟಿದವರು ಕುಮುದ್ವತಿ ನದಿ ಗುಡ್ಡಸಾಲನ್ನು ಸೀಳಿಕೊಂಡು ಹೋಗುವ ಕಂಡಿಯನ್ನೇ ಆರಿಸಿ ಏರಿ ಹಾಕಿದ್ದಾರೆ. ಕಲ್ಲಿನ ಸಾಲನ್ನು ಓದಿ ನೀರನ್ನು ಹಿಡಿದ ಕೆಲಸವದು. ಆದರೆ ಇದು ಇಡೀ ಪಟ್ಟಿಯ ಮಾತು. ಮಡಿಕೆಗಳಿರುವಲ್ಲಿ ವಾಟ ತಿರುಗಿ ಪಶ್ಚಿಮಕ್ಕೂ ಇರಬಹುದು. ನಿಮ್ಮ ಹೊಲದ ಮಾತನ್ನು ನಿಮ್ಮ ಹೊಲದಲ್ಲಿಯೇ ಅಳೆಯಬೇಕು.

ದಿಕ್ಸೂಚಿಯ ಬಳಕೆ

ಭೂವಿಜ್ಞಾನಿಗಳ ಕೈಯಲ್ಲಿ ಕಾಣುವ ಕನ್ನಡಿ ಮುಚ್ಚಳದ ಉಪಕರಣ ಬ್ರಂಟನ್ ದಿಕ್ಸೂಚಿ. ಡೇವಿಡ್ ಬ್ರಂಟನ್ ಎಂಬ ಗಣಿ ಇಂಜಿನಿಯರ್ 1894ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ದಿಕ್ಕು, ವಾಟ ಎರಡನ್ನೂ ಅದೊಂದರಿಂದಲೇ ಅಳೆಯಬಹುದು. ಅದರ ಮುಖದಲ್ಲಿ ಪೂರ್ವ ಪಶ್ಚಿಮಗಳು ಅದಲುಬದಲಾಗಿರುವುದನ್ನು ನೋಡಿ ವಿಸ್ತರಣಾ ಕಾರ್ಯಕರ್ತರು ಗಾಬರಿಯಾಗಬೇಕಿಲ್ಲ. ಮುಳ್ಳು ನಿಂತಲ್ಲೇ ನಿಂತು ಪೆಟ್ಟಿಗೆ ತಿರುಗುವುದರಿಂದ ಓದು ಸರಿಬರಲೆಂದು ಹಾಗೆ ಮಾಡಿದ್ದಾರೆ.

ರೈತನಿಗೆ ಅಷ್ಟು ಬೆಲೆಯ ಉಪಕರಣ ಬೇಡ. 360 ಡಿಗ್ರಿ ಗುರುತುಗಳಿರುವ ಸಾಮಾನ್ಯ ದಿಕ್ಸೂಚಿ ಸಾಕು. ಬಂಡೆಯ ಮೇಲೆ ನೀರು ಸುರಿದು ವಾಟದ ದಿಕ್ಕನ್ನು ನೋಡಿ, ಅದಕ್ಕೆ ಅಡ್ಡಲಾಗಿ ಸೀಮೆಸುಣ್ಣದಿಂದ ಸಮತಲದ ಗೆರೆ ಎಳೆಯಿರಿ. ಗಾರೆ ಕೆಲಸದವರ ರಸಮಟ್ಟ ಇದ್ದರೆ ಗೆರೆ ಇನ್ನೂ ನಿಖರ. ದಿಕ್ಸೂಚಿಯನ್ನು ಗೆರೆಯ ಮೇಲೆ ಸಮತಲವಾಗಿ ಹಿಡಿದು, ಮುಳ್ಳಿನ ಉತ್ತರ ತುದಿ ಸೊನ್ನೆಗೆ ಬರುವಂತೆ ಪೆಟ್ಟಿಗೆಯನ್ನು ತಿರುಗಿಸಿ, ಗೆರೆಯು ಯಾವ ಡಿಗ್ರಿಯನ್ನು ತೋರಿಸುತ್ತದೆಂದು ಓದಿಕೊಳ್ಳಿ. 340 ಎಂದರೂ 160 ಎಂದರೂ ಒಂದೇ ಗೆರೆ. ಎರಡು ತುದಿಗಳಷ್ಟೇ ಬೇರೆ.

ವಾಟ ಅಳೆಯಲು ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಅರ್ಧವೃತ್ತದ ಕೋನಮಾಪಕ ಸಾಕು. ಅದರ ನಡುರಂಧ್ರಕ್ಕೆ ದಾರ ಕಟ್ಟಿ ತುದಿಗೆ ಸಣ್ಣ ತೂಕ ತೂಗಿಬಿಡಿ. ಬಂಡೆಯ ಮೇಲೆ ನೀರು ಇಳಿದ ದಾರಿಯಲ್ಲಿ ಒಂದು ನೇರ ಪಟ್ಟಿಯನ್ನಿಟ್ಟು, ಅದರ ಮೇಲೆ ಕೋನಮಾಪಕದ ನೇರ ಅಂಚನ್ನು ತಾಗಿಸಿ, ದುಂಡು ಭಾಗ ಕೆಳಗಾಗುವಂತೆ ಪಟ್ಟಿಯ ಮಗ್ಗುಲಿಗೆ ಹಿಡಿಯಿರಿ. ಸಮತಲದಲ್ಲಿ ದಾರ 90ರ ಮೇಲೆ ನಿಲ್ಲುತ್ತದೆ. ಈಗ 20ರ ಮೇಲೆ ನಿಂತರೆ ವಾಟ 70 ಡಿಗ್ರಿ.

ದಿಕ್ಸೂಚಿಯನ್ನು ಕೆಡಿಸುವುದು ಕಬ್ಬಿಣ. ಪಂಪ್‌ಸೆಟ್, ಕೇಸಿಂಗ್ ಪೈಪು, ಟ್ರ್ಯಾಕ್ಟರು, ವಿದ್ಯುತ್ ತಂತಿಗಳಿಂದ ಹತ್ತು ಹದಿನೈದು ಮೀಟರು ದೂರವಿರಬೇಕು. ಹಾರೆ, ಕುಡುಗೋಲುಗಳನ್ನು ಪಕ್ಕಕ್ಕಿಡಬೇಕು. ಕಬ್ಬಿಣದ ಪಟ್ಟೆಗಲ್ಲಿನ ಗುಡ್ಡದ ಮೇಲೆ ಕಲ್ಲೇ ಮುಳ್ಳನ್ನು ಎಳೆಯುತ್ತದೆ. ಸಂಶಯ ಬಂದರೆ ಪರೀಕ್ಷೆ ಸುಲಭ. ಮೊದಲ ಗೂಟದಿಂದ ಎರಡನೆಯ ಗೂಟದ ದಿಕ್ಕನ್ನು ಓದಿ, ಆಮೇಲೆ ಎರಡನೆಯದರಿಂದ ಮೊದಲನೆಯದರ ದಿಕ್ಕನ್ನು ಓದಿ. ವ್ಯತ್ಯಾಸ 180 ಬಂದರೆ ಸರಿ. ಬಾರದಿದ್ದರೆ ಸಮೀಪದಲ್ಲಿ ಎಲ್ಲೋ ಕಬ್ಬಿಣವಿದೆ. ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಭಾಗದಲ್ಲಿ ಒಂದೆರಡು ಡಿಗ್ರಿಯ ಅಂತರ ಮಾತ್ರ ಇರುವುದರಿಂದ ಅದನ್ನು ಲೆಕ್ಕಿಸಬೇಕಿಲ್ಲ. ಮೊಬೈಲ್ ಫೋನಿನ ದಿಕ್ಸೂಚಿಯನ್ನೂ ಬಳಸಬಹುದು. ಆದರೆ ಅಯಸ್ಕಾಂತದ ಗುಂಡಿಯುಳ್ಳ ಚೀಲದಿಂದ ಫೋನನ್ನು ಹೊರತೆಗೆಯದೆ ಓದಿದ ಅಂಕಿಯನ್ನು ನಂಬಕೂಡದು.

ಎಲ್ಲಿ ಅಳೆಯಬೇಕು ಎಂಬುದು ಹೇಗೆ ಅಳೆಯಬೇಕು ಎಂಬುದಕ್ಕಿಂತ ಮುಖ್ಯ. ಉರುಳಿಬಂದ ಬಿಡಿಗಲ್ಲಿಗೆ ಸಾಲೂ ಇಲ್ಲ, ವಾಟವೂ ಇಲ್ಲ. ಇಳಿಜಾರಿನಲ್ಲಿ ಮೇಲ್ಮೈಯ ಪದರುಗಲ್ಲು ತನ್ನ ಭಾರಕ್ಕೆ ಇಳುಕಲಿನ ಕಡೆಗೆ ಬಾಗಿ ಸುಳ್ಳು ವಾಟವನ್ನು ತೋರಿಸುತ್ತದೆ. ಅನುಭವಿಗಳೂ ಇಲ್ಲಿ ಎಡವುವುದುಂಟು. ಹಳ್ಳದ ತಳ, ಕಲ್ಲಿನ ಕ್ವಾರಿ, ಆಳವಾದ ಕೃಷಿ ಹೊಂಡ, ಎಲ್ಲಕ್ಕಿಂತ ಮಿಗಿಲಾಗಿ ತೆರೆದ ಹಳೆಯ ಬಾವಿಯ ಗೋಡೆ, ಇವು ನಂಬಿಕೆಗೆ ಅರ್ಹವಾದ ಸ್ಥಳಗಳು. ನೀರು ಬತ್ತಿತೆಂದು ಹಳೆಯ ಬಾವಿಗಳಿಗೆ ಮಣ್ಣು ತುಂಬಿ ಮುಚ್ಚುವವರು ಹೆಚ್ಚುತ್ತಿದ್ದಾರೆ. ಊರಿನ ನೆಲದೊಳಗನ್ನು ಕಣ್ಣಾರೆ ತೋರಿಸುವ ಪುಸ್ತಕವನ್ನೇ ಹೂಳಿದಂತೆ ಅದು. ಬಾವಿಗೆ ಇಳಿಯುವಾಗ ಒಬ್ಬರೇ ಇಳಿಯಕೂಡದು. ಬಹುದಿನ ಬಳಸದ ಬಾವಿಯಲ್ಲಿ ಕೆಟ್ಟ ಗಾಳಿ ಇರುವುದರಿಂದ ಇಳಿಯಲೇ ಕೂಡದು, ಮೇಲಿನಿಂದ ನೋಡಿದರೆ ಸಾಕು.

ಕನಿಷ್ಠ ಹತ್ತು ಕಡೆ ಅಳೆದು ಪುಸ್ತಕದಲ್ಲಿ ಬರೆದು, ಹೆಜ್ಜೆ ಲೆಕ್ಕದಲ್ಲಿ ಹೊಲದ ನಕ್ಷೆ ಮಾಡಿ, ಉತ್ತರವನ್ನು ಬಾಣದಿಂದ ಗುರುತಿಸಬೇಕು. ಪದರಗಳ ಸಾಲು ಒಂದಾದರೆ ಬಿರುಕುಗಳ ಸಾಲು ಇನ್ನೊಂದಿರಬಹುದು. ಎರಡನ್ನೂ ಬೇರೆ ಬೇರೆ ಬರೆಯಬೇಕು.

ಗುರುತು ಹಾಕುವ ಲೆಕ್ಕ

ಈಗ ಈ ಅಂಕಿಗಳಿಂದ ಆಗುವ ಉಪಯೋಗ. ಆಡೂರಿನ ಬದಿಯ ಒಂದು ಸಮತಟ್ಟಾದ ಹೊಲವನ್ನು ಊಹಿಸಿಕೊಳ್ಳೋಣ. ಹೊಲದ ನಡುವೆ ಬಿಳಿಯ ಬೆಣಚುಕಲ್ಲಿನ ಗೆರೆ ಮೇಲಕ್ಕೆ ಕಾಣುತ್ತದೆ. ಸಾಲು 340 ಡಿಗ್ರಿ, ವಾಟ 70 ಡಿಗ್ರಿ, ಪೂರ್ವದ ಕಡೆಗೆ. ಪಕ್ಕದ ಹಳೆಯ ಬಾವಿಯಲ್ಲಿ ಸೆಲೆ ಬರುವುದು ಇದೇ ಬಿಳಿಗಲ್ಲಿನ ಸಂದಿನಿಂದ. ಕೊಳವೆ ಎಲ್ಲಿ ಇಳಿಸಬೇಕು?

ಬಿಳಿಗಲ್ಲಿನ ನೆತ್ತಿಯ ಮೇಲೆಯೇ ಇಳಿಸುವುದು ಸಾಮಾನ್ಯ ರೂಢಿ. ಹಾಗೆ ಇಳಿಸಿದರೆ ಕೊಳವೆ ಕೆಲವೇ ಅಡಿಗಳಲ್ಲಿ ಗೆರೆಯನ್ನು ಬಿಟ್ಟು ಅದರ ಕೆಳಮಗ್ಗುಲಿನ ಒಣ ಪದರುಗಲ್ಲಿಗೆ ಹೋಗುತ್ತದೆ, ಏಕೆಂದರೆ ಗೆರೆ ಪೂರ್ವಕ್ಕೆ ವಾಲಿದೆ, ಕೊಳವೆ ನೆಟ್ಟಗೆ ಇಳಿಯುತ್ತದೆ. ಪಶ್ಚಿಮಕ್ಕೆ ಸರಿದರಂತೂ ಸಾವಿರ ಅಡಿ ಕೊರೆದರೂ ಆ ಗೆರೆ ಸಿಗುವುದಿಲ್ಲ. ಸರಿಯುವುದಾದರೆ ಪೂರ್ವಕ್ಕೆ ಸರಿಯಬೇಕು, ಅದೂ ಲೆಕ್ಕ ಹಾಕಿ.

ಗೆರೆಯ ಸಾಲಿಗೆ ಲಂಬವಾಗಿ ಅಳೆದ ದೂರವನ್ನು ವಾಟಕ್ಕೆ ತಕ್ಕ ಗುಣಕದಿಂದ ಗುಣಿಸಿದರೆ ಗೆರೆ ಸಿಗುವ ಆಳ ಬರುತ್ತದೆ. ವಾಟ 45 ಡಿಗ್ರಿಯಾದರೆ ಗುಣಕ 1. 60 ಆದರೆ 1.73, 70 ಆದರೆ 2.75, 80 ಆದರೆ 5.67. ನಮ್ಮ ಹೊಲದಲ್ಲಿ 60 ಅಡಿ ಪೂರ್ವಕ್ಕೆ ಸರಿದರೆ 60ನ್ನು 2.75ರಿಂದ ಗುಣಿಸಿ 165 ಅಡಿಗೆ ಗೆರೆ ಸಿಗಬೇಕು. 200 ಅಡಿ ಸರಿದರೆ 550 ಅಡಿ. ಅದೇ 60 ಅಡಿಗೆ ವಾಟ 80 ಡಿಗ್ರಿಯಿದ್ದರೆ ಆಳ 340 ಅಡಿ. ವಾಟ ಕಡಿದಾದಷ್ಟೂ ಗುರುತಿನ ಒಂದೊಂದು ಹೆಜ್ಜೆಯೂ ಆಳದಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ಆದ್ದರಿಂದ ಕಡಿದಾದ ವಾಟದಲ್ಲಿ ಗೆರೆಗೆ ಹತ್ತಿರವೇ ನಿಲ್ಲಬೇಕು.

ದೂರವನ್ನು ಸಾಲಿಗೆ ಲಂಬವಾಗಿಯೇ ಅಳೆಯಬೇಕೆಂಬುದನ್ನು ಮರೆಯಕೂಡದು. ಬದುವಿನ ಉದ್ದಕ್ಕೋ ದಾರಿಯ ಉದ್ದಕ್ಕೋ ಓರೆಯಾಗಿ ಅಳೆದರೆ ಲೆಕ್ಕ ತಪ್ಪುತ್ತದೆ. ಗುರುತು ಹಾಕಿದ ಜಾಗ ಗೆರೆಯ ನೆತ್ತಿಗಿಂತ ಎತ್ತರದಲ್ಲಿದ್ದರೆ ಆ ಎತ್ತರವನ್ನು ಆಳಕ್ಕೆ ಕೂಡಿಸಬೇಕು, ತಗ್ಗಿನಲ್ಲಿದ್ದರೆ ಕಳೆಯಬೇಕು.

ಈ ಲೆಕ್ಕ ಗೆರೆ ಸಿಗುವ ಆಳವನ್ನು ಹೇಳುತ್ತದೆಯೇ ಹೊರತು ನೀರಿನ ಭರವಸೆ ಕೊಡುವುದಿಲ್ಲ. ಆ ಆಳದಲ್ಲಿ ಬೆಣಚುಕಲ್ಲು ಒಡೆದಿರಬೇಕು, ಒಡೆದ ಸಂದು ಮಳೆನೀರಿನೊಂದಿಗೆ ಸಂಬಂಧ ಹೊಂದಿರಬೇಕು. ಗಟ್ಟಿ ಕಲ್ಲಿನಲ್ಲಿ ಬಿರುಕುಗಳು ಮೇಲಿನ ನೂರು ಮೀಟರಿನೊಳಗೆ ಹೆಚ್ಚು, ಅದರ ಕೆಳಗೆ ವಿರಳ. ಗೆರೆಯನ್ನು 150ರಿಂದ 250 ಅಡಿಯೊಳಗೆ ಹಿಡಿಯುವಂತೆ ಗುರುತು ಹಾಕುವುದು ವಿವೇಕ.

ಕಡ್ಡಿ, ತೆಂಗಿನಕಾಯಿ ಮತ್ತು ಮೀಟರು

ಕವಲು ಕಡ್ಡಿ, ತೆಂಗಿನಕಾಯಿ ಹಿಡಿದು ಜಲ ತೋರಿಸುವವರ ಮಾತು ಇಲ್ಲಿ ಬಂದೇ ಬರುತ್ತದೆ. ನಿಯಂತ್ರಿತ ಪರೀಕ್ಷೆಗಳಲ್ಲಿ ಕಡ್ಡಿಯ ಆಯ್ಕೆ ಕಣ್ಣು ಮುಚ್ಚಿ ಗುರುತಿಟ್ಟದ್ದಕ್ಕಿಂತ ಉತ್ತಮವೆಂದು ಸಿದ್ಧವಾಗಿಲ್ಲ. ಆದರೂ ಕೆಲವು ಹಿರಿಯರ ಗುರುತು ಫಲಿಸುವುದಕ್ಕೆ ಕಾರಣವಿದೆ: ಅವರು ತಗ್ಗು, ಗಿಡಗಂಟಿ, ಹುತ್ತ, ಅಕ್ಕಪಕ್ಕದ ಬಾವಿಗಳನ್ನು ವರ್ಷಗಟ್ಟಲೆ ನೋಡಿದವರು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಮರ ಮತ್ತು ಹುತ್ತಗಳಿಂದ ನೀರನ್ನು ಊಹಿಸುವ ಅಧ್ಯಾಯವೊಂದಿದೆ. ಹಿರಿಯರ ಕಣ್ಣಿಗೆ ಬೆಲೆ ಕೊಡಿ, ಕಡ್ಡಿಗೆ ಹಣ ಕೊಡಬೇಡಿ.

ವಿದ್ಯುತ್ ರೋಧಕತೆಯ ಮೀಟರು ಬೇರೆ. ನೆಲಕ್ಕೆ ನಾಲ್ಕು ಸರಳು ಊರಿ, ಎರಡರಿಂದ ವಿದ್ಯುತ್ ಹರಿಸಿ, ಉಳಿದೆರಡರ ನಡುವಿನ ಒತ್ತಡವನ್ನು ಅಳೆದು, ಕೆಳಗಿನ ಪದರಗಳು ವಿದ್ಯುತ್ತನ್ನು ಎಷ್ಟು ತಡೆಯುತ್ತವೆಂದು ಲೆಕ್ಕ ಹಾಕುತ್ತಾರೆ. ಗಟ್ಟಿ ಒಣ ಕಲ್ಲು ಹೆಚ್ಚು ತಡೆಯುತ್ತದೆ, ನೀರಿರುವ ಒಡಕು ಕಲ್ಲು ಕಡಿಮೆ. ಆದರೆ ಜೇಡಿಯೂ ಕಡಿಮೆ ತಡೆಯುತ್ತದೆ. ನಮ್ಮ ಪದರುಗಲ್ಲಿನ ಸೀಮೆಯಲ್ಲಿ ಮೀಟರು ನೀರೆಂದು ತೋರಿಸಿದ್ದು ಜೇಡಿಯಾಗಿ ಹೊರಟರೆ ತಪ್ಪು ಮೀಟರಿನದಲ್ಲ. ಸಾಲು ವಾಟ ನೋಡದೆ ಅಂಕಿಯನ್ನಷ್ಟೇ ನಂಬಿದವರದು. ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಕರೆಸುವಾಗ ಮೇಲೆ ಹೇಳಿದ ನೋಟ್ ಪುಸ್ತಕವನ್ನು ಅವರ ಮುಂದಿಟ್ಟರೆ ಅವರ ಕೆಲಸವೂ ಹಗುರ, ನಿರ್ಣಯವೂ ಗಟ್ಟಿ. ಸರಳುಗಳ ಸಾಲನ್ನು ಕಲ್ಲಿನ ಸಾಲಿನ ಉದ್ದಕ್ಕೆ ಎಳೆಯಬೇಕೋ ಅಡ್ಡಕ್ಕೋ ಎಂದು ಅವರೇ ಕೇಳುತ್ತಾರೆ.

ಕೊರೆಯುವ ದಿನ

ಯಂತ್ರ ಬಂದ ದಿನ ರೈತನು ಅಡಿಯ ಲೆಕ್ಕ ಹಿಡಿದು ದೂರ ನಿಲ್ಲಬಾರದು. ಪ್ರತಿ 10 ಅಡಿಗೆ ಒಂದು ಹಿಡಿ ಕಲ್ಲುಪುಡಿಯನ್ನು ತೊಳೆದು, ಚೀಲದ ಮೇಲೆ ಸಾಲಾಗಿ ಇಟ್ಟು ಆಳವನ್ನು ಬರೆಯಬೇಕು. ಹಸಿರು ಅಥವಾ ಬೂದು ಬಣ್ಣದ ಹೊಸ ಪುಡಿಯ ನಡುವೆ ಬಿಳಿ ಚೂರುಗಳು ಬಂದರೆ ಗೆರೆ ಸಿಕ್ಕಿದೆ. ಚೂರುಗಳ ಮೇಲೆ ಕಂದು ತುಕ್ಕಿನ ಬಣ್ಣವಿದ್ದರೆ ಆ ಸಂದಿನಲ್ಲಿ ನೀರು ಓಡಾಡಿದೆಯೆಂದು ತಿಳಿಯಬೇಕು. ಬಿಳಿಗಲ್ಲು ಬಂದು ಹೋಗಿ, ಮತ್ತೆ 100 ಅಡಿ ತುಕ್ಕಿಲ್ಲದ ಗಟ್ಟಿ ಪುಡಿಯೇ ಬರುತ್ತಿದ್ದರೆ ನಿಲ್ಲಿಸುವ ಧೈರ್ಯ ಬೇಕು. ಇನ್ನೊಂದು 50 ಅಡಿ ಎಂಬ ಮಾತಿಗೆ ಮರುಳಾಗಿ ಖರ್ಚಾದ ಹಣವೇ ಈ ಸೀಮೆಯಲ್ಲಿ ಹೆಚ್ಚು.

ಕೊರೆಯುವವರು ಎರಡು ಇಂಚು, ಮೂರು ಇಂಚು ನೀರು ಎನ್ನುವುದು 90 ಡಿಗ್ರಿಯ ಕಚ್ಚಿನ ಮೇಲೆ ಹರಿಯುವ ನೀರಿನ ಎತ್ತರವನ್ನು. ಎರಡು ಇಂಚೆಂದರೆ ಗಂಟೆಗೆ ಸುಮಾರು 2,900 ಲೀಟರು. ಮೂರು ಇಂಚೆಂದರೆ ಸುಮಾರು 8,000 ಲೀಟರು. ಇಂಚು ಒಂದೂವರೆ ಪಟ್ಟಾದರೆ ನೀರು ಎರಡೂಮುಕ್ಕಾಲು ಪಟ್ಟು. ಪಂಪನ್ನು ಇಂಚಿನ ಮಾತಿನ ಮೇಲೆ ಕೊಳ್ಳದೆ ಲೀಟರಿನ ಲೆಕ್ಕದ ಮೇಲೆ ಕೊಳ್ಳಬೇಕು.

2011ರ ಕರ್ನಾಟಕ ಅಂತರ್ಜಲ ಅಧಿನಿಯಮದ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಸಲು ಮುಂಚಿತ ಅನುಮತಿ ಬೇಕು. ತಮ್ಮ ತಾಲ್ಲೂಕು ಆ ಪಟ್ಟಿಯಲ್ಲಿದೆಯೇ ಎಂದು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ನೀರು ಬಾರದ ಕೊಳವೆಯನ್ನು ತಳದಿಂದ ನೆಲದ ಮಟ್ಟದವರೆಗೆ ಕಲ್ಲು, ಮಣ್ಣು, ಮರಳುಗಳಿಂದ ತುಂಬಿ ಅದೇ ದಿನ ಮುಚ್ಚತಕ್ಕದ್ದು. ಮಕ್ಕಳು ತೆರೆದ ಕೊಳವೆಗಳಿಗೆ ಬಿದ್ದ ದುರಂತಗಳ ತರುವಾಯ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಈ ಕುರಿತು ನಿರ್ದೇಶನ ಕೊಟ್ಟಿದೆ. ತುಂಬುವ ಮೊದಲು ಅದರ ಆಳ, ಸಿಕ್ಕ ಕಲ್ಲುಗಳ ಪಟ್ಟಿ, ಬಿಳಿಗಲ್ಲು ಎಷ್ಟು ಅಡಿಗೆ ಬಂತು ಎಂಬುದನ್ನು ನಕ್ಷೆಯ ಮೇಲೆ ಬರೆದಿಡಬೇಕು. ಆ ಆಳವನ್ನು ನೆಲದ ಮೇಲೆ ಗೆರೆ ಕಂಡ ಜಾಗದಿಂದ ಸಾಲಿಗೆ ಲಂಬವಾಗಿ ಅಳೆದ ದೂರದಿಂದ ಭಾಗಿಸಿದರೆ ಗುಣಕ ಬರುತ್ತದೆ, ಅದರಿಂದ ನಿಜವಾದ ವಾಟ ತಿಳಿಯುತ್ತದೆ. ಪಕ್ಕದ ಹೊಲದವನು ತನ್ನ ಗುರುತು ಹಾಕುವುದು ಆ ಅಂಕಿಯಿಂದ.